ಮಣ್ಣಾಡದ ಕೈ ಅಕ್ಷರ ತಿದ್ದೀತೆ?

ಕೆಲವು ತಿಂಗಳುಗಳ ಹಿಂದೆ ಇಂದಿರಾನಗರದಿಂದ ಯುವ ದಂಪತಿಗಳು ತಮ್ಮ ಮೂರೂವರೆ ವರ್ಷದ ಮಗಳೊಂದಿಗೆ ನಮ್ಮ ದರ್ಶನಕ್ಕೆ ಬಂದಿದ್ದರು. ಇಬ್ಬರೂ ಸಾಫ್ಟ್‌ವೇರ್ ಇಂಜಿನಿಯರುಗಳು, ಮೂಲತಃ ದಾವಣಗೆರೆ ಕಡೆಯವರು. ಫಲಪುಷ್ಪಗಳನ್ನು ಸಮರ್ಪಿಸಿ ನಮಸ್ಕರಿಸಿದ ಮೇಲೆ ತಾಯಿ ಕೈಮುಗಿದು ಅರಿಕೆ ಮಾಡಿಕೊಂಡರು: "ಬುದ್ಧೀ, ಮುಂದಿನ ವಾರ ಇವಳಿಗೆ ಶಾಲೆಯಲ್ಲಿ ಇಂಟರ್‌ವ್ಯೂ ಇದೆ. ಎ ಬಿ ಸಿ ಡಿ ಬಾಯಲ್ಲಿ ಹೇಳ್ತಾಳೆ, ಬರೆಯೋದಿಲ್ಲ. ಪೆನ್ಸಿಲ್ ಕೊಟ್ಟರೆ ಬಿಸಾಕ್ತಾಳೆ. ಬರೀ ಆಟ. ತಮ್ಮ ಆಶೀರ್ವಾದ ಬೇಕು."

ಅವರು ಹೀಗೆ ನಿವೇದಿಸುತ್ತಿದ್ದಾಗ ಆ ಮಗು ಹಣ್ಣಿನ ತಟ್ಟೆಯ ಮುಂದೆ ಕುಳಿತು ತನ್ನದೇ ಲೋಕದಲ್ಲಿ ಮುಳುಗಿತ್ತು. ಒಂದು ಬಾಳೆಹಣ್ಣನ್ನು ಅಂಗಾತ ಮಲಗಿಸಿ ಅದರ ಮೇಲೆ ಎರಡು ಕಲ್ಲುಸಕ್ಕರೆಯ ಹರಳುಗಳನ್ನು ಕೂರಿಸಿ ಮೆಲ್ಲಗೆ ನೆಲದ ಮೇಲೆ ತಳ್ಳುತ್ತಿತ್ತು. ತಂದೆ ಗಾಬರಿಯಿಂದ ಹಣ್ಣನ್ನು ಕಿತ್ತುಕೊಳ್ಳಲು ಹೋದರು. ನಾವು ತಡೆದು, ಇದೇನೆಂದು ಮಗುವನ್ನು ಕೇಳಿದೆವು. "ದೋಣಿ" ಎಂದಿತು. ಎಲ್ಲಿಗೆ ಹೊರಟಿದೆ? "ಅಜ್ಜಿ ಮನೆಗೆ." ನಿಮ್ಮ ಅಜ್ಜಿಯ ಊರಿನಲ್ಲಿ ಹೊಳೆ ಇದೆಯೇ? ಮಗು ಅರೆಗಳಿಗೆ ಯೋಚಿಸಿ, "ಮಳೆ ಬಂದ್ರೆ ಇರುತ್ತೆ" ಎಂದು ಉತ್ತರಿಸಿ ದೋಣಿಯನ್ನು ಮುಂದಕ್ಕೆ ತಳ್ಳಿತು.

ಶಾಲೆಯ ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆಗೆ ಒಡ್ಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಆದರೂ "ಸುಮ್ಮನೆ ಮಾತನಾಡಿಸುತ್ತೇವೆ" ಎಂಬ ಹೆಸರಿನಲ್ಲಿ ಅದು ನಡೆದೇ ಇದೆ. ಆ ಮಾತು ಒತ್ತಟ್ಟಿಗಿರಲಿ. ನಮ್ಮ ಮುಂದೆ ಕುಳಿತು ಆ ಮಗು ಮಾಡಿದ್ದಾದರೂ ಏನು? ತಾಯಿ ಅದನ್ನು "ಬರೀ ಆಟ" ಎಂದರು. ನಮ್ಮ ಅಭಿಪ್ರಾಯದಲ್ಲಿ ಆ ಇಂಟರ್‌ವ್ಯೂನಲ್ಲಿ ಕೇಳಬಹುದಾದ ಯಾವ ಪ್ರಶ್ನೆಗಿಂತಲೂ ದೊಡ್ಡ ಪರೀಕ್ಷೆಯೊಂದರಲ್ಲಿ ಆ ಮಗು ಆಗಲೇ ಉತ್ತೀರ್ಣವಾಗಿತ್ತು.

ಬಾಳೆಹಣ್ಣು ದೋಣಿಯಲ್ಲ ಎಂಬುದು ಮಗುವಿಗೆ ಚೆನ್ನಾಗಿ ಗೊತ್ತು; ಹಸಿವಾದರೆ ಅದೇ ದೋಣಿಯನ್ನು ಸುಲಿದು ತಿನ್ನುತ್ತದೆ. ಗೊತ್ತಿದ್ದೂ ಅದನ್ನು ದೋಣಿಯೆಂದು ಭಾವಿಸಿ, ಆ ಭಾವನೆಗೆ ತಕ್ಕಂತೆ ನಡೆಯುತ್ತದೆ. ಒಂದು ವಸ್ತು ತಾನಲ್ಲದ ಇನ್ನೊಂದನ್ನು ಸೂಚಿಸಬಲ್ಲದು ಎಂಬ ಈ ಅರಿವು ಎರಡು ವರ್ಷದ ಆಸುಪಾಸಿನಲ್ಲಿ ಮೊಳೆಯುತ್ತದೆ. ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಪಿಯಾಜೆ ಇದನ್ನು ಸಾಂಕೇತಿಕ ಆಟವೆಂದು ಕರೆದರು. ರಷ್ಯಾದ ವೈಗಾಟ್‌ಸ್ಕಿ 1933ರ ತಮ್ಮ ಉಪನ್ಯಾಸವೊಂದರಲ್ಲಿ ಕೋಲನ್ನೇ ಕುದುರೆಯಾಗಿಸಿಕೊಂಡ ಮಗುವಿನ ದೃಷ್ಟಾಂತದಿಂದ ಇದನ್ನು ವಿವರಿಸಿದರು. ಕುದುರೆಯೆಂಬ ಅರ್ಥವನ್ನು ಕುದುರೆಯೆಂಬ ಪ್ರಾಣಿಯಿಂದ ಬಿಡಿಸಿಕೊಳ್ಳಲು ಮಗುವಿಗೆ ಕೈಯಲ್ಲಿ ಹಿಡಿಯಲೊಂದು ಊರುಗೋಲು ಬೇಕು. ಆ ಊರುಗೋಲೇ ಕೋಲುಕುದುರೆ. ಈಗ ಯೋಚಿಸಿ, ಅಕ್ಷರವೆಂದರೇನು? "ಅ" ಎಂಬ ಗೆರೆಯಲ್ಲಿ ಯಾವ ಧ್ವನಿಯೂ ಇಲ್ಲ. "5" ಎಂಬ ಅಂಕಿಯಲ್ಲಿ ಐದು ಮಾವಿನಹಣ್ಣುಗಳಿಲ್ಲ. ಬಾಳೆಹಣ್ಣಿನಲ್ಲಿ ದೋಣಿಯನ್ನು ಕಾಣಬಲ್ಲ ಮನಸ್ಸು ಮಾತ್ರ ಗೆರೆಯಲ್ಲಿ ಧ್ವನಿಯನ್ನು ಕಾಣಬಲ್ಲದು. ಅಕ್ಷರಾಭ್ಯಾಸಕ್ಕೆ ಅಡ್ಡಿಯೆಂದು ನಾವು ಯಾವುದನ್ನು ಗದರಿಸಿ ನಿಲ್ಲಿಸುತ್ತೇವೆಯೋ ಅದೇ ಅಕ್ಷರಾಭ್ಯಾಸದ ತಳಪಾಯ.

ಆಟದ ಇನ್ನೊಂದು ಗುಟ್ಟು ಸ್ವನಿಯಂತ್ರಣ. ಆಟವೆಂದರೆ ಸ್ವೇಚ್ಛೆಯೆಂದು ಹಿರಿಯರು ತಿಳಿಯುತ್ತಾರೆ. ಆದರೆ "ಬಸ್ಸಿನ ಆಟ"ವನ್ನು ಒಮ್ಮೆ ಕುಳಿತು ನೋಡಿ. ಕಂಡಕ್ಟರ್ ಆದವನು ಡ್ರೈವರನ ಜಾಗಕ್ಕೆ ಹೋಗುವಂತಿಲ್ಲ. ಟಿಕೆಟ್ ಪಡೆಯದೆ ಯಾರೂ ಹತ್ತುವಂತಿಲ್ಲ. ಸೀಟಿ ಊದುವ ತನಕ ಬಸ್ಸು ಹೊರಡುವಂತಿಲ್ಲ. ಈ ಕಟ್ಟಳೆಗಳನ್ನು ಮಾಡಿದವರು ಮಕ್ಕಳೇ, ಪಾಲಿಸುವವರೂ ಮಕ್ಕಳೇ. 1940ರ ದಶಕದಲ್ಲಿ ಸೋವಿಯತ್ ರಷ್ಯಾದ ಸಂಶೋಧಕಿ ಮನುಯ್ಲೆಂಕೊ ಪುಟ್ಟ ಮಕ್ಕಳನ್ನು ಅಲ್ಲಾಡದೆ ನಿಲ್ಲುವಂತೆ ಕೇಳಿದರು. ಸುಮ್ಮನೆ ನಿಲ್ಲೆಂದಾಗ ಬೇಗನೆ ಅಲುಗಾಡಿದ ಮಕ್ಕಳು, ಕಾವಲುಗಾರನ ಪಾತ್ರ ವಹಿಸಿ ಆಟದಲ್ಲಿ ನಿಂತಾಗ ಬಹಳ ಹೆಚ್ಚು ಹೊತ್ತು ನಿಂತರು. "ಒಂದು ಕಡೆ ಕುಳಿತುಕೊಳ್ಳುವುದೇ ಇಲ್ಲ" ಎಂದು ಮಕ್ಕಳ ಮೇಲೆ ದೂರುವ ತಂದೆತಾಯಿಗಳು ಇದನ್ನು ಮನನ ಮಾಡಬೇಕು.

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆಟದ ಮಹಿಮೆಯನ್ನು ಹಾಡುವವರಲ್ಲಿ ಅತಿಶಯೋಕ್ತಿಯೂ ಉಂಟು. 2013ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಏಂಜಲೀನ್ ಲಿಲ್ಲಾರ್ಡ್ ಮತ್ತು ಅವರ ಸಂಗಡಿಗರು ಕಲ್ಪನೆಯ ಆಟದ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಪರಾಮರ್ಶಿಸಿ, ಇಂಥ ಆಟದಿಂದಲೇ ಬುದ್ಧಿಶಕ್ತಿ ಬೆಳೆಯುತ್ತದೆ ಎಂಬ ವಾದಕ್ಕೆ ಸಾಕಷ್ಟು ಗಟ್ಟಿಯಾದ ಪುರಾವೆ ಇಲ್ಲವೆಂದರು. ಆಟವು ಬೆಳವಣಿಗೆಯ ಹಲವು ದಾರಿಗಳಲ್ಲಿ ಒಂದಾಗಿರಬಹುದು ಎಂಬುದು ಅವರ ನಿಲುವು. ಆದರೆ ಅದೇ ವಿದ್ವಾಂಸರು, ಪುಟ್ಟ ಮಕ್ಕಳನ್ನು ಸಾಲಾಗಿ ಕೂರಿಸಿ ಪಾಠ ಹೇಳುವುದನ್ನು ಈ ತೀರ್ಮಾನದಿಂದ ಯಾರೂ ಸಮರ್ಥಿಸಿಕೊಳ್ಳಬಾರದೆಂದೂ ಎಚ್ಚರಿಸಿದ್ದಾರೆ. ಆದ್ದರಿಂದ ಆಡಿಸಿದರೆ ಮಗ ಐಐಟಿ ಸೇರುತ್ತಾನೆಂದು ಯಾರೂ ನಮ್ಮ ಮಾತನ್ನು ತಿರುಚಿಕೊಳ್ಳದಿರಲಿ. ಐಐಟಿಗಾಗಿ ಆಡಿಸುವ ಆಟ ಆಟವೇ ಅಲ್ಲ.

ಪೆನ್ಸಿಲ್ ಬಿಸಾಡುವ ಮಗುವಿನ ವಿಷಯಕ್ಕೆ ಬರೋಣ. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಗಳಾಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ, ವರ್ಷಗಟ್ಟಲೆ ಕಾಲ ತೆಗೆದುಕೊಂಡು ಅವು ಗಟ್ಟಿಯಾಗುತ್ತವೆ. ಮೂರು ವರ್ಷದ ಮಗು ಸಾಮಾನ್ಯವಾಗಿ ವೃತ್ತವನ್ನು ನೋಡಿ ಬರೆಯಬಲ್ಲದು. ಚೌಕಕ್ಕೆ ನಾಲ್ಕು ವರ್ಷ ದಾಟಬೇಕು. ತ್ರಿಕೋನಕ್ಕೆ ಐದರ ಆಸುಪಾಸು. ಓರೆ ಗೆರೆಯನ್ನೇ ಎಳೆಯಲಾರದ ಕೈಗೆ ಸುರುಳಿ ಸುತ್ತುವ ನಮ್ಮ ಕನ್ನಡ ಅಕ್ಷರಗಳನ್ನು ನಾಲ್ಕು ಗೆರೆಯ ಮಧ್ಯೆ ಕೂರಿಸೆಂದರೆ ಅದು ಪೆನ್ಸಿಲ್ ಬಿಸಾಡದೆ ಇನ್ನೇನು ಮಾಡೀತು? ಆ ಕೈಗೆ ಬೇಕಾದುದು ಹಿಸುಕಲು, ಉಂಡೆಗಟ್ಟಲು, ಚಿವುಟಲು, ಹೊಸೆಯಲು ಒದಗುವ ಪದಾರ್ಥ. ಚಪಾತಿ ಹಿಟ್ಟು ಆದೀತು, ಒದ್ದೆ ಮರಳು ಆದೀತು. ಎಲ್ಲಕ್ಕಿಂತ ಮಿಗಿಲಾದದ್ದು ಜೇಡಿಮಣ್ಣು.

ಜೇಡಿಮಣ್ಣನ್ನು ಹುಡುಕಿಕೊಂಡು ಬೆಂಗಳೂರಿನವರು ಬಹುದೂರ ಹೋಗಬೇಕಾಗಿಲ್ಲ. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು ಪ್ರದೇಶದಲ್ಲಿ, ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ, ಇಂದಿಗೂ ಪಾಟರಿ ಟೌನ್ ಎಂಬ ಬಡಾವಣೆ ಇದೆ. ಹೆಸರೇ ಹೇಳುವಂತೆ ಅದು ಕುಂಬಾರರ ಕೇರಿ. ತಲೆಮಾರುಗಳಿಂದ ಅಲ್ಲಿನ ಕುಟುಂಬಗಳು ಮಡಕೆ, ಹಣತೆ, ಗಣಪತಿಯ ಮೂರ್ತಿಗಳನ್ನು ಮಾಡುತ್ತ ಬಂದಿವೆ. ಕುಂಬಾರನ ಮನೆಯ ಮಗುವಿಗೆ ಯಾರೂ ಆಟಿಕೆ ಕೊಂಡು ತರುವುದಿಲ್ಲ. ಅಪ್ಪನ ಚಕ್ರದಿಂದ ಸಿಡಿದ ಮಣ್ಣೇ ಅದರ ಆಟಿಕೆ. ಶರಣರಲ್ಲಿ ಕುಂಬಾರ ಗುಂಡಯ್ಯನ ಕಥೆಯನ್ನು ನಮ್ಮ ಓದುಗರು ಬಲ್ಲರು. ಗಡಿಗೆಯನ್ನು ಬಾರಿಸುತ್ತ ಮೈಮರೆತು ಕುಣಿದ ಅವನ ತಾಳಕ್ಕೆ ಶಿವನೇ ಕುಣಿದನೆಂದು ಹರಿಹರ ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಕಾಯಕವೂ ಆಟವೂ ಅಲ್ಲಿ ಬೇರೆ ಬೇರೆಯಲ್ಲ. ಕಾಯಕವೇ ಕೈಲಾಸವೆಂದು ಭಾಷಣ ಮಾಡುವ ನಾವು, ನಾಲ್ಕು ವರ್ಷದ ಮಗುವಿನ ಕಾಯಕ ಯಾವುದೆಂದು ಕೇಳಿಕೊಂಡಿದ್ದು ಕಡಿಮೆ.

ಉತ್ತರ ಕರ್ನಾಟಕದ ನಮ್ಮ ಭಕ್ತರಿಗೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ಬಣ್ಣಿಸಬೇಕಾಗಿಲ್ಲ. ಕಾರಹುಣ್ಣಿಮೆ ಕಳೆದು ಬರುವ ಜ್ಯೇಷ್ಠದ ಅಮಾವಾಸ್ಯೆಯಂದು ಮಕ್ಕಳು ಮಣ್ಣು ತಂದು, ನಾದಿ, ಜೋಡಿ ಎತ್ತುಗಳನ್ನು ಮಾಡಿ, ಕಾಳುಗಳನ್ನು ಕಣ್ಣಾಗಿ ಒತ್ತಿ, ಮುಂದೆ ಗೋದಲಿಯನ್ನೂ ಕಟ್ಟುತ್ತಾರೆ. ಅದರ ಬೆನ್ನಿಗೇ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಜಗತ್ತಿನ ಬೇರೆ ಕಡೆ ಮಕ್ಕಳ ಶಿಕ್ಷಣತಜ್ಞರು ಪುಸ್ತಕ ಬರೆದು ಬೋಧಿಸಿದ್ದನ್ನು ನಮ್ಮ ಹಳ್ಳಿಗಳು ಹಬ್ಬ ಮಾಡಿ ಪಂಚಾಂಗದಲ್ಲಿಯೇ ಸೇರಿಸಿಬಿಟ್ಟವು. ಹಿರಿಯರು ಮಾಡಿದ ಎತ್ತಿಗಿಂತ ಮಗು ಮಾಡಿದ ಸೊಟ್ಟ ಕೊಂಬಿನ ಎತ್ತಿಗೆ ಪೂಜೆ ಸಲ್ಲುತ್ತದೆ ಎಂಬುದನ್ನು ಗಮನಿಸಿ. ತಾನು ಕೈಯಾರೆ ಮಾಡಿದ್ದಕ್ಕೆ ಮನೆಮಂದಿಯೆಲ್ಲ ಆರತಿ ಬೆಳಗುವುದನ್ನು ಕಂಡ ಮಗುವಿಗೆ ಬೇರೆ ಪ್ರಶಸ್ತಿಪತ್ರ ಬೇಕೆ?

ಕೆ.ಆರ್. ಪುರದ ಆಚೆ ಬಹುಮಹಡಿ ಕಟ್ಟಡವೊಂದರ ಪಕ್ಕದಲ್ಲಿ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಕಾರ್ಮಿಕರನ್ನು ನಾವು ಕಳೆದ ವರ್ಷ ಭೇಟಿಯಾಗಿದ್ದೆವು. ಬಹುತೇಕ ಯಾದಗಿರಿ, ರಾಯಚೂರು ಕಡೆಯವರು. ಅಮಾವಾಸ್ಯೆ ಕಳೆದು ಎರಡೇ ದಿನವಾಗಿತ್ತು. ಮಕ್ಕಳು ಎತ್ತು ಮಾಡಿದರೇ ಎಂದು ಕೇಳಿದಾಗ ಒಬ್ಬ ತಾಯಿ, "ಇಲ್ಲಿ ಹೊಲದ ಮಣ್ಣ ಎಲ್ಲಿ ತರೂಣ್ರಿ ಅಪ್ಪಾರ, ಇಲ್ಲಿರೂದು ಬರೇ ಸಿಮೆಂಟ" ಎಂದಳು. ಆಕೆಯ ಮಗ ಹತ್ತಿರದಲ್ಲಿಯೇ ಜಲ್ಲಿಯ ರಾಶಿಯ ಮೇಲೆ ಕುಳಿತು ಕಂಬಿಯ ತುಂಡಿನಿಂದ ಅಗೆಯುತ್ತಿದ್ದ. ಅಗೆಯುವ ಅವನ ಹಂಬಲ ಸಹಜ. ಅಗೆಯಲು ಸಿಕ್ಕ ಜಾಗ ಮಾತ್ರ ಅಪಾಯದ್ದು. ದುಡಿಯುವ ತಾಯಂದಿರ ಶಿಶುಗಳಿಗಾಗಿ ರಾಜ್ಯ ಸರ್ಕಾರವು 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ ಘೋಷಿಸಿತು. ಒಳ್ಳೆಯ ಕೆಲಸ. ಹಳ್ಳಿ ಬಿಟ್ಟು ಬಂದ ಕೂಸುಗಳಿಗೆ ನಗರದ ಶೆಡ್ಡುಗಳ ಬಳಿಯೂ ಅಂಥ ಮನೆಗಳು ಬೇಕು.

ಮಕ್ಕಳ ಶಾಲೆಯ ಇತಿಹಾಸವನ್ನು ನೋಡಿದರೆ ನಗುವೂ ವಿಷಾದವೂ ಒಟ್ಟಿಗೆ ಬರುತ್ತವೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದರು. ಮರದ ಗುಂಡು, ಘನ, ಉರುಳೆಗಳೇ ಅವರ ಪಠ್ಯಪುಸ್ತಕ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ನಮ್ಮ ಎಲ್‌ಕೆಜಿ, ಯುಕೆಜಿಗಳ ಕೊನೆಯ ಅಕ್ಷರದಲ್ಲಿ ಆ ತೋಟ ಇನ್ನೂ ಅವಿತುಕೊಂಡಿದೆ. ಗಿಡಗಳಿಗೆ ಮಾತ್ರ ಹೋಂವರ್ಕ್! ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಗ್ರಾಮಕ್ಕೆ ಹೋಗಿ, ಬಡ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲೆಂದು ಅಂಗಳದಲ್ಲಿಯೇ ಮಕ್ಕಳನ್ನು ಕಲೆಹಾಕಿದರು. ಅಂಗನವಾಡಿ ಎಂಬ ಮಾತು ಹುಟ್ಟಿದ್ದು ಅಲ್ಲಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ.

ಶಿವಾಜಿನಗರದ ಒಳಗಲ್ಲಿಗಳಲ್ಲಿ ಇಂದು ಅಂಗನವಾಡಿಗೆ ಅಂಗಳವೆಲ್ಲಿದೆ? ಒಂದೇ ಕೋಣೆ, ಅದರಲ್ಲಿಯೇ ಅಡುಗೆ, ಅದರಲ್ಲಿಯೇ ದಾಸ್ತಾನು, ಉಳಿದ ಜಾಗದಲ್ಲಿ ಚಾಪೆ. ಇಷ್ಟಾದರೂ ಆ ಭಾಗದ ಮಕ್ಕಳಿಗೆ ಒಂದು ಸಂಪತ್ತು ಇದೆ, ಅದು ಬೇರೆಡೆ ಸುಲಭವಾಗಿ ಸಿಗದು. ಒಬ್ಬರ ಮನೆಯಲ್ಲಿ ದಖನಿ ಉರ್ದು, ಇನ್ನೊಬ್ಬರಲ್ಲಿ ತಮಿಳು, ಮತ್ತೊಬ್ಬರಲ್ಲಿ ಕನ್ನಡ ಇಲ್ಲವೆ ತೆಲುಗು. ಇಂಥ ನಾಲ್ಕು ಮಕ್ಕಳು ಕುಳಿತು "ಅಂಗಡಿ ಆಟ" ಆಡಿದರೆ ವ್ಯಾಪಾರ ಕುದುರಲೇಬೇಕು. ಕುದುರಬೇಕಾದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲೇಬೇಕು. ರಸೆಲ್ ಮಾರುಕಟ್ಟೆಯಲ್ಲಿ ದೊಡ್ಡವರು ದಿನವೂ ಮಾಡುವುದನ್ನೇ ಮಕ್ಕಳು ಕಡ್ಡಿ, ಎಲೆ, ಬಾಟಲಿಯ ಮುಚ್ಚಳಗಳಿಂದ ಮಾಡುತ್ತಾರೆ. ಆ ಆಟದಲ್ಲಿ ಒಂದು ಮಗು ಕಲಿಯುವ ನುಡಿಯನ್ನು ಯಾವ ಮೂವತ್ತು ದಿನಗಳ ಕೋರ್ಸೂ ಕಲಿಸಲಾರದು. ಆಟವು ಪುಟ್ಟ ಮಕ್ಕಳ ಅನುಭವ ಮಂಟಪವೆಂದರೆ ತಪ್ಪಾಗದು. ಅಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ.

ಹಾಗೆಂದು ಬಡವರ ಮಕ್ಕಳೇ ಭಾಗ್ಯವಂತರೆಂದು ನಾವು ಹೇಳಲಾರೆವು. ಜಾಗದ ಕೊರತೆ ಕೊರತೆಯೇ. ಫ್ರೇಜರ್ ಟೌನಿನ ಕೋಲ್ಸ್ ಪಾರ್ಕು, ಹಲಸೂರು ಕೆರೆಯ ದಂಡೆ, ಕಬ್ಬನ್ ಉದ್ಯಾನದ ಜವಾಹರ ಬಾಲಭವನ ಮತ್ತು ಅದರ ಪುಟಾಣಿ ರೈಲು ಇವೆಲ್ಲ ಇವೆ, ನಿಜ. ಆದರೆ ಮಗುವಿಗೆ ಬೇಕಾದುದು ಭಾನುವಾರಕ್ಕೊಂದು ಪ್ರವಾಸವಲ್ಲ. ಪ್ರತಿದಿನ ಬಾಗಿಲು ತೆರೆದೊಡನೆ ಸಿಗುವ ಹತ್ತಡಿ ನೆಲ. ಬಡಾವಣೆಯ ಉದ್ಯಾನಗಳಲ್ಲಿ ವಾಯುವಿಹಾರಿಗಳಿಗೆ ತೊಂದರೆಯಾಗುತ್ತದೆಂದು "ಆಟವಾಡಬಾರದು" ಎಂಬ ಫಲಕ ಹಾಕಿರುವುದನ್ನು ನಾವೇ ಕಂಡಿದ್ದೇವೆ. ಸಕ್ಕರೆ ಕಾಯಿಲೆ ಬಂದ ಮೇಲೆ ನಡೆಯುವವರಿಗೆ ಜಾಗವಿದೆ, ಅದು ಬಾರದಂತೆ ಓಡಬೇಕಾದವರಿಗಿಲ್ಲ.

ಜಾಗವಿಲ್ಲದ ಮನೆಗಳಲ್ಲಿ ಮೊಬೈಲು ಆ ಜಾಗವನ್ನು ಆಕ್ರಮಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಪ್ರಕಟಿಸಿತು. ಒಂದು ವರ್ಷ ತುಂಬದ ಶಿಶುವಿಗೆ ಪರದೆ ಸಲ್ಲದು; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು; ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತಿರಬೇಕು. ಮೊಬೈಲಿನಲ್ಲಿಯೂ ಆಟಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಆದರೆ ಅಲ್ಲಿ ದೋಣಿ ಯಾವಾಗಲೂ ದೋಣಿಯೇ, ಅದನ್ನು ಮಾಡಿದವನು ಬೇರೊಬ್ಬ. ಮಗುವಿಗೆ ಉಳಿದಿರುವುದು ಬೆರಳು ತಾಗಿಸುವ ಕೆಲಸ ಮಾತ್ರ. ಊಟ ಮಾಡಿಸಲು ಮೊಬೈಲು ಕೊಡುವ ತಾಯಂದಿರನ್ನು ಗದರಿಸುವ ಮನಸ್ಸು ನಮಗಿಲ್ಲ. ಎರಡೂ ಹೊತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಂದವರಿಗೆ ಚಂದಮಾಮನನ್ನು ತೋರಿಸಲು ತಾರಸಿಯೂ ಇಲ್ಲ, ತ್ರಾಣವೂ ಇಲ್ಲ.

ಇತರರಿಗೆ ಉಪದೇಶ ಮಾಡುವ ಮೊದಲು ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ನಮ್ಮ ಆಡಳಿತಕ್ಕೊಳಪಟ್ಟ ಶಾಲೆಯೊಂದಕ್ಕೆ ಕೆಲವು ವರ್ಷಗಳ ಹಿಂದೆ ಭೇಟಿಯಿತ್ತಾಗ ಎಲ್‌ಕೆಜಿ ತರಗತಿ ನಿಶ್ಶಬ್ದವಾಗಿತ್ತು. ಮೂವತ್ತು ಮಕ್ಕಳು ತಲೆಬಗ್ಗಿಸಿ ಒಂದರಿಂದ ನೂರರವರೆಗೆ ಬರೆಯುತ್ತಿದ್ದರು. ಎಂಥ ಶಿಸ್ತು ಎಂದು ನಾವು ಎಲ್ಲರ ಮುಂದೆ ಶಿಕ್ಷಕಿಯನ್ನು ಮೆಚ್ಚಿ ನುಡಿದೆವು. ಎರಡನೆಯ ಸಲ ಹೋದಾಗ ಗಾಜಿನ ಬೀರುವೊಂದರಲ್ಲಿ ಚನ್ನಪಟ್ಟಣದ ಮರದ ಬೊಂಬೆಗಳು ಸಾಲಾಗಿ ಕುಳಿತಿದ್ದವು. ಬೀರುವಿಗೆ ಬೀಗ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿ. ಏಕೆಂದು ಕೇಳಿದೆವು. ಆ ಶಿಕ್ಷಕಿ ಅಂಜುತ್ತಲೇ, "ಆಡಿಸಿದರೆ ಪಾಲಕರು, ನಾವು ಫೀಸು ಕಟ್ಟೋದು ಆಡಿಸೋದಕ್ಕಾ ಅಂತ ಕೇಳ್ತಾರೆ ಬುದ್ಧಿ. ತಾವೂ ಕಳೆದ ಸಲ ಮಕ್ಕಳು ಸುಮ್ಮನಿದ್ದುದನ್ನೇ ಮೆಚ್ಚಿದ್ದಿರಿ" ಎಂದರು. ನಾವು ನಿರುತ್ತರರಾದೆವು.

ಆ ಬೀರುವಿನ ಬೀಗ ಅಂದೇ ತೆಗೆಯಿತು. ಬರೆಯುವ ಪುಸ್ತಕಗಳನ್ನು ಮೊದಲ ಎರಡು ವರ್ಷ ಕೈಬಿಡಲಾಯಿತು. ಪರಿಣಾಮ ಸುಖಾಂತವೇ ಆಯಿತೆಂದು ಹೇಳಲಾರೆವು. ಮುಂದಿನ ಜೂನ್‌ನಲ್ಲಿ ಕೆಲವು ಪಾಲಕರು ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಸೇರಿಸಿದರು. ಅವರ ಭಯ ನಮಗೆ ಅರ್ಥವಾಗುತ್ತದೆ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ ಜಾರಿಗೆ ತರಲು ಹೊರಟಾಗ ಒಂದು ವರ್ಷ ವ್ಯರ್ಥವಾಗುತ್ತದೆಂದು ಎಷ್ಟು ಕೂಗೆದ್ದಿತೆಂದರೆ, 2025-26ನೆಯ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಬೇಕಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಅಲ್ಲಿ ಆಟ ಮತ್ತು ಚಟುವಟಿಕೆಯ ಮೂಲಕವೇ ಕಲಿಕೆ ನಡೆಯಬೇಕೆನ್ನುತ್ತದೆ. ಈ ನೀತಿಯ ಇತರ ಅಂಶಗಳ ಬಗ್ಗೆ ಭಿನ್ನಾಭಿಪ್ರಾಯಗಳು ಇದ್ದಾವು. ಈ ಅಂಶದಲ್ಲಿ ಇರಬೇಕಾಗಿಲ್ಲ. ಮಗುವಿನ ವಿಶ್ರಾಂತಿ ಮತ್ತು ಆಟವನ್ನು ಹಕ್ಕೆಂದು ಸಾರುವ 1989ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿಯೇ ಸಮ್ಮತಿಸಿದೆ.

ದುಬಾರಿ ಆಟಿಕೆಗಳು ಬೇಕೆಂದು ಯಾರೂ ಭಾವಿಸಬೇಕಾಗಿಲ್ಲ. ಬ್ರಿಟನ್ನಿನ ಕಲಾವಿದ ಸೈಮನ್ ನಿಕೋಲ್ಸನ್ 1971ರಲ್ಲಿ ಬರೆದ ಲೇಖನವೊಂದರಲ್ಲಿ, ಮಕ್ಕಳ ಸೃಜನಶೀಲತೆಯು ಅವರ ಸುತ್ತ ಎಷ್ಟು ಬಿಡಿವಸ್ತುಗಳಿವೆ ಎಂಬುದನ್ನು ಅವಲಂಬಿಸಿದೆ ಎಂದು ವಾದಿಸಿದ್ದರು. ಜೋಡಿಸಬಲ್ಲ, ಬೇರ್ಪಡಿಸಬಲ್ಲ, ಬೇರೊಂದಾಗಬಲ್ಲ ವಸ್ತುಗಳು. ನಮ್ಮ ಅಜ್ಜಿಯರ ಮನೆಗಳಲ್ಲಿ ಅದಕ್ಕೆ ಬರವಿರಲಿಲ್ಲ: ತೆಂಗಿನ ಚಿಪ್ಪು, ಬೆಂಕಿಪೊಟ್ಟಣ, ತೆಂಗಿನ ಗರಿಯ ಪೀಪಿ, ಹರಿದ ಸೀರೆ. ಕೊಳ್ಳಲೇಬೇಕೆಂದರೆ ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗೊಂಬೆಗಳು ಇವೆ. ಮೂರು ವರ್ಷದೊಳಗಿನವರ ಕೈಗೆ ಹುಣಸೆಬೀಜ, ಗೋಲಿ, ನಾಣ್ಯದಂತಹ ಗಂಟಲಿಗೆ ಸಿಕ್ಕುವ ವಸ್ತುಗಳನ್ನು ಕೊಡಬಾರದು. ಬಣ್ಣ ಕಿತ್ತುಬರುವ ಅಗ್ಗದ ಆಟಿಕೆಗಳೂ ಬೇಡ. ಮಕ್ಕಳು ಆಡುವಾಗ ಹಿರಿಯರು ಹತ್ತಿರದಲ್ಲಿರಬೇಕು. ಆದರೆ ದೋಣಿ ಹೀಗಿರುವುದಿಲ್ಲ, ಎತ್ತಿಗೆ ನಾಲ್ಕು ಕಾಲಿರುತ್ತವೆ ಎಂದು ತಿದ್ದಲು ಹೋಗಬಾರದು. ಕರೆದರೆ ಪ್ರಯಾಣಿಕರಾಗಿ ಹತ್ತಬೇಕು, ಇಲ್ಲವಾದರೆ ಸುಮ್ಮನೆ ನೋಡಬೇಕು. ಇದು ಹೇಳುವಷ್ಟು ಸುಲಭವಲ್ಲ.

ಅಂದು ಬಂದಿದ್ದ ದಂಪತಿಗಳಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ಆಶೀರ್ವದಿಸಿ, ವಾರಕ್ಕೊಮ್ಮೆ ಪಾಟರಿ ಟೌನಿನಿಂದ ಒಂದು ಚೀಲ ಜೇಡಿಮಣ್ಣು ತಂದು ಬಾಲ್ಕನಿಯಲ್ಲಿಡಿ ಎಂದೆವು. ತಾಯಿ ತಂದೆಯ ಮುಖ ನೋಡಿದರು, ತಂದೆ ತಮ್ಮ ಬಿಳಿಯ ಅಂಗಿಯನ್ನು ನೋಡಿಕೊಂಡರು.

ಈ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯನ್ನು ಬೆಂಗಳೂರಿನ ನಮ್ಮ ಶಾಲೆಯ ಆವರಣದಲ್ಲಿ ಆಚರಿಸಲು ತೀರ್ಮಾನಿಸಿದ್ದೇವೆ. ಕೆ.ಆರ್. ಪುರದ ಶೆಡ್ಡುಗಳ ಮಕ್ಕಳನ್ನು ಕರೆತರಲು ಶಾಲೆಯ ಬಸ್ಸು ಹೋಗಲಿದೆ. ಎತ್ತು ಮಾಡುವುದು ಅವರಿಗೆ ಗೊತ್ತು. ನಗರದ ಮಕ್ಕಳಿಗೆ ಅಂದು ಅವರೇ ಗುರುಗಳು. ಹೊಸ ಯೂನಿಫಾರಂ ಬೇಡ, ಕೊಳೆಯಾದರೂ ಚಿಂತೆಯಿಲ್ಲದ ಹಳೆಯ ಬಟ್ಟೆ ಹಾಕಿ ಕಳುಹಿಸಿರೆಂದು ಪಾಲಕರಿಗೆಲ್ಲ ಚೀಟಿ ಕಳುಹಿಸಲು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇವೆ.